ಕಗ್ಗಲಿ ಮರದ ತಿರುವಿನಲ್ಲಿ

ಲಂಟಾನವನ್ನು ಬುಡಕ್ಕೇ ಕಡಿಯಬೇಕು. ಮೊಣಕಾಲೆತ್ತರಕ್ಕೆ ಓರೆಯಾಗಿ ಕಡಿದು ಬಿಟ್ಟರೆ ಆ ಮೋಟು ಈಟಿಯಾಗುತ್ತದೆ. ಇಳಿಜಾರಿನಲ್ಲಿ ಓಡಿ ಬರುವವನು ಎಡವಿ ಬಿದ್ದರೆ ನೇರ ಹೊಟ್ಟೆಗೇ ಇಳಿಯುತ್ತದೆ. ಅದಕ್ಕೇ ನಾವು ಮಚ್ಚಿನಿಂದ ಮಣ್ಣಿನ ಮಟ್ಟಕ್ಕೆ ಹೊಡೆದು, ಉಳಿದ ಮೋಟಿನ ತಲೆಯನ್ನು ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡುತ್ತಿದ್ದೆವು. ಸಂಜೆಯ ಹೊತ್ತಿಗೆ ಅಂಗೈ ಚರ್ಮ ಸುಲಿದು ಬರುತ್ತಿತ್ತು. ಲಂಟಾನದ ಕಡ್ಡಿಗೆ ಸಣ್ಣ ಕೊಕ್ಕೆಮುಳ್ಳು. ಒಳಗೆ ಹೋಗುವಾಗ ಸುಮ್ಮನಿದ್ದು ಹೊರಗೆ ಬರುವಾಗ ಹರಿಯುತ್ತದೆ.

"ಅಣ್ಣಾ, ಇದು ಗಿಡ ಅಲ್ಲ, ನಮ್ಮತ್ತೆ. ಹಿಡ್ಕಂಡ್ರೆ ಬಿಡಲ್ಲ" ಎನ್ನುತ್ತಿದ್ದ ನನ್ನ ಜೊತೆಗಾರ. ಅವನು ಶ್ರೀನಿವಾಸಪುರದ ಕಡೆಯವನು. ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟ್ ಎತ್ತುವ ಕೆಲಸ. ಮಂಡಿಗೆ ಮಾಲು ಕಡಿಮೆ ಬರುವ ದಿನಗಳಲ್ಲಿ ನನ್ನ ಜೊತೆ ಬೆಟ್ಟಕ್ಕೆ ಬರುತ್ತಿದ್ದ. ಮನೆಯಲ್ಲಿ ಅಮ್ಮನ ಜೊತೆ ತೆಲುಗು, ನನ್ನ ಜೊತೆ ಕನ್ನಡ, ಮುಳ್ಳಿನ ಜೊತೆ ಎರಡೂ ಸೇರಿಸಿ ಬೈಗುಳ.

ಬೆಟ್ಟ ಕೋಲಾರಕ್ಕೂ ಶ್ರೀನಿವಾಸಪುರಕ್ಕೂ ನಡುವೆ ಇರುವ ಬಂಡೆಬೆಟ್ಟಗಳಲ್ಲಿ ಒಂದು. ಬುಡದಲ್ಲಿ ಟೊಮೆಟೊ ತೋಟ, ಸ್ವಲ್ಪ ಮೇಲೆ ರಾಗಿ ಹೊಲ, ಆಮೇಲೆ ಲಂಟಾನ, ಸೀತಾಫಲ, ಕಗ್ಗಲಿ, ಜಾಲಿ ಒಂದರ ಮೈಮೇಲೆ ಒಂದು ಬಿದ್ದು ಬೆಳೆದ ಕಾಡು. ಅದರೊಳಗೆ ಒಂದು ಓಟದ ಸ್ಪರ್ಧೆ ನಡೆಸಬೇಕಿತ್ತು. ನಡೆಸುವವರು ಒಬ್ಬ ಮೇಡಂ, ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು. ಅರಣ್ಯದವರ ಅನುಮತಿ ತರುವುದು, ಓಟಗಾರರನ್ನು ಸೇರಿಸುವುದು ಅವರ ಪಾಲು. ದಾರಿ ತೆಗೆಯುವುದು, ಗುರುತಿಗೆ ರಿಬ್ಬನ್ ಕಟ್ಟುವುದು, ಓಟದ ದಿನ ಎಲ್ಲರಿಗಿಂತ ಮೊದಲು ಓಡಿ ದಾರಿ ಸರಿಯಿದೆಯೇ ಎಂದು ನೋಡುವುದು ನಮ್ಮಿಬ್ಬರ ಪಾಲು.

ಇಂಥ ಓಟಕ್ಕೆ ಬೇಕಾದದ್ದು ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದಾದ ಕಾಲುದಾರಿ. ನೇರ ಇರಬಾರದು. ಬೆಟ್ಟದಲ್ಲಿ ನೇರ ದಾರಿ ಹಾಕಿದರೆ ಒಂದು ಮಳೆಗೆ ಅದು ಕಾಲುವೆಯಾಗುತ್ತದೆ. ನಮ್ಮಜ್ಜಿ ಹೇಳುತ್ತಿದ್ದಳು, ನೇರ ದಾರಿ ನೀರಿಗೆ, ಸೊಟ್ಟ ದಾರಿ ಮನುಷ್ಯರಿಗೆ ಎಂದು. ಅದೂ ಅಲ್ಲದೆ ನಮ್ಮದು ಸಣ್ಣ ಬೆಟ್ಟ. ಸುತ್ತಿ ಸುತ್ತಿ ಹಾಕಿದರೇನೇ ಓಡುವವರಿಗೆ ಓಡಿದ ಹಾಗೆ ಅನ್ನಿಸುವುದು. ತಿರುವಿನ ಆಚೆ ಏನಿದೆ ಎಂದು ಕಾಣಬಾರದು. ಕಾಣದಿದ್ದರೆ ಓಟಗಾರ ಎಚ್ಚರವಾಗಿರುತ್ತಾನೆ ಎನ್ನುವುದು ನಮ್ಮ ಲೆಕ್ಕ.

ಹಾಗೆ ಹಾಕಿದ ತಿರುವುಗಳಲ್ಲಿ ನನಗೆ ಹೆಮ್ಮೆಯಿದ್ದದ್ದು ಒಂದು ದಪ್ಪ ಕಗ್ಗಲಿ ಮರದ ಸುತ್ತ ಬಳಸಿ ಹೋಗುವ ತಿರುವಿನ ಮೇಲೆ. ಎರಡೂ ಕಡೆ ತಲೆಯೆತ್ತರದ ಲಂಟಾನದ ಗೋಡೆ. ಮರ ದಾಟುವ ತನಕ ಮುಂದಿನದು ಏನೇನೂ ಕಾಣುವುದಿಲ್ಲ. ಅದನ್ನು ತೆಗೆದು ಮುಗಿಸಿದ ಸಂಜೆ ಜೊತೆಗಾರ ಮರಕ್ಕೆ ಒರಗಿ ಬೀಡಿ ಹಚ್ಚಿ, "ಅಣ್ಣಾ, ಇಲ್ಲಿ ನನ್ ಹೆಂಡ್ತಿ ಬಂದ್ ನಿಂತ್ರೂ ನಂಗ್ ಗೊತ್ತಾಗಲ್ಲ" ಎಂದ. ಅದು ಅವನ ಲೆಕ್ಕದಲ್ಲಿ ದೊಡ್ಡ ಹೊಗಳಿಕೆ.

ದಾರಿ ಸಿದ್ಧವಾಯಿತು. ಓಟ ಆಗಲಿಲ್ಲ. ಮಳೆ ಹಿಡಿದುಕೊಂಡಿತು. ಬಂಡೆಯ ಮೇಲೆಲ್ಲ ನೀರಿನ ಪಾಚಿ, ಕಾಲಿಟ್ಟರೆ ಹಲ್ಲು ಹೋಗುವಷ್ಟು ಜಾರು. ಮೇಡಂ ಓಟವನ್ನು ಮುಂದಕ್ಕೆ ಹಾಕಿದರು, ಮತ್ತೊಮ್ಮೆ ಹಾಕಿದರು. ಮಳೆ ಬಿಟ್ಟ ಮೇಲೆ ನಾವು ಮಚ್ಚು, ಕುಡುಗೋಲು ಹಿಡಿದು ಮತ್ತೆ ಬೆಟ್ಟ ಹತ್ತಿದೆವು. ಲಂಟಾನ ಎಂದರೆ ಕಡಿದ ಬೆನ್ನಿಗೇ ಚಿಗುರುವ ಜಾತಿ. ಅಷ್ಟು ವಾರ ಬಿಟ್ಟ ಮೇಲೆ ದಾರಿಯನ್ನು ಮೊದಲಿನಿಂದ ಕಡಿಯಬೇಕಾಗುತ್ತದೆ ಎಂದುಕೊಂಡೇ ಹೋದದ್ದು.

ನೋಡಿದರೆ ದಾರಿ ಹಾಗೇ ಇತ್ತು. ಹಾಗೇ ಏನು, ನಾವು ಬಿಟ್ಟಾಗಿದ್ದಕ್ಕಿಂತ ಚೊಕ್ಕವಾಗಿತ್ತು. ಮಣ್ಣು ಒತ್ತಿ ಗಟ್ಟಿಯಾಗಿತ್ತು, ಚಿಗುರು ತುಳಿದು ಸತ್ತಿತ್ತು. ಅಲ್ಲಲ್ಲಿ ಬದಿಯ ಮಣ್ಣನ್ನು ಯಾರೋ ಸನಿಕೆಯಿಂದ ಮಗುಚಿದ ಹಾಗಿತ್ತು. ಹೆಜ್ಜೆ ನೋಡಿದೆವು: ಸೀಳುಗೊರಸು. ಕಾಡುಹಂದಿ.

"ನೋಡಣ್ಣಾ, ಸಂಬಳ ಇಲ್ದಿರೋ ಕೂಲಿಯೋರು!" ಎಂದು ಜೊತೆಗಾರ ಕುಣಿದ.

ಹಂದಿಯ ಮೈಯನ್ನೂ ಲಂಟಾನ ಹರಿಯುತ್ತದೆ. ಟೊಮೆಟೊ ತೋಟಕ್ಕೆ ಇಳಿದು ಬರಲು ಅದಕ್ಕೊಂದು ಸಲೀಸು ದಾರಿ ಬೇಕಿತ್ತು, ನಾವು ಮಾಡಿಕೊಟ್ಟಿದ್ದೆವು. ನಮಗೂ ಖುಷಿ, ಅದಕ್ಕೂ ಖುಷಿ. ಮಚ್ಚನ್ನು ಬಗಲಲ್ಲಿಟ್ಟುಕೊಂಡು, ಒಂದು ಚಿಗುರನ್ನೂ ಕಡಿಯದೆ, ಹಾಡಿಕೊಂಡು ಬೆಟ್ಟ ಇಳಿದೆವು. ಹಂದಿ ಎಲ್ಲಿ ನಡೆಯುತ್ತದೋ ಅಲ್ಲಿಗೆ ಹಂದಿಯ ಮಾಂಸ ತಿನ್ನುವವರೂ ಬರುತ್ತಾರೆ ಎನ್ನುವುದು ಈ ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮಿಬ್ಬರಿಗೂ ಗೊತ್ತಿತ್ತು. ಆವತ್ತು ಇಬ್ಬರಿಗೂ ಹೊಳೆಯಲಿಲ್ಲ. ದಾರಿ ಓಟಗಾರರಿಗೆಂದು ತೆಗೆದದ್ದು, ಅದರ ಮೇಲೆ ಇನ್ನೊಬ್ಬರ ಕಣ್ಣು ಬೀಳಬಹುದು ಎಂದು ಯಾರು ಯೋಚಿಸುತ್ತಾರೆ?

ಓಟದ ಬೆಳಿಗ್ಗೆ ಮೇಡಂ ಎಲ್ಲರನ್ನೂ ಬುಡದ ಬಯಲಲ್ಲಿ ನಿಲ್ಲಿಸಿ ನಿಯಮ ಹೇಳಿದರು. ನೀಲಿ ರಿಬ್ಬನ್ ಹಿಡಿದು ಹೋಗಬೇಕು. ಕೆಂಪು ಮಣ್ಣು, ಹಳದಿ ಹುಲ್ಲು, ಹಸಿರು ಗಿಡದ ನಡುವೆ ನೀಲಿ ಒಂದೇ ಎದ್ದು ಕಾಣುವುದು. ತಿರುವಿಗೆ ಮೊದಲು ಒಂದು, ತಿರುಗಿದ ಮೇಲೆ ಒಂದು ಇರುತ್ತದೆ. ಎರಡನೆಯದು ಕಾಣದಿದ್ದರೆ ದಾರಿ ತಪ್ಪಿದ್ದೀರಿ ಎಂದೇ ಅರ್ಥ. ಎಲ್ಲರ ಕೊರಳಲ್ಲೂ ಪೀಪಿ ಕಡ್ಡಾಯ. "ಮೂರು ಸಲ ಊದಿದ್ದು ಕೇಳಿದ್ರೆ ನಿಂತಲ್ಲೇ ನಿಲ್ಲಬೇಕು. ಹಿಂದಿನವರಿಗೆ ಕೇಳೋ ಹಾಗೆ ನೀವೂ ಮೂರು ಸಲ ಊದಬೇಕು. ಒಂದು ಹೆಜ್ಜೆ ಮುಂದೆ ಇಡಬಾರದು."

ಸಾಲಿನ ಮುಂದೆ ನಿಂತಿದ್ದವಳು ಮಾಸ್ತಿ ಕಡೆಯ ಹುಡುಗಿ. ವೇಮಗಲ್‌ನ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಮನೆಯಲ್ಲಿ ಹಸುಗಳು. ಹೋದಲ್ಲೆಲ್ಲ ಗಂಡಸರನ್ನೂ ಹಿಂದೆ ಹಾಕಿ ಬರುವ ಕಾಲು ಅವಳದು. ನಾವು ಹೊರಡುವಾಗ ಕೂಗಿದಳು: "ಅಣ್ಣಾ, ನೀವ್ ಬೇಗ ಬೇಗ ಹೋಗಿ. ಇಲ್ದಿದ್ರೆ ನಾನ್ ದಾಟ್ಕೊಂಡ್ ಹೋಗ್ತೀನಿ."

"ದಾಟಮ್ಮಾ ದಾಟು! ದಾಟಿದ್ರೆ ಮೀಸೆ ಬೋಳಿಸ್ತೀನಿ" ಎಂದ ಜೊತೆಗಾರ.

ನಾವು ಅವರಿಗಿಂತ ಸುಮಾರು ಅರ್ಧ ಗಂಟೆ ಮೊದಲು ಹೊರಟೆವು. ಮುಂದೆ ಓಡುವವನು ತಲೆಯೆತ್ತರದಲ್ಲಿರುವ ರಿಬ್ಬನ್ ನೋಡುತ್ತಾನೆ, ಹಿಂದೆ ಓಡುವವನು ನೆಲ ನೋಡುತ್ತಾನೆ. ಇದು ನಮ್ಮ ಪದ್ಧತಿ. ಆವತ್ತು ಮುಂದೆ ಅವನು, ಹಿಂದೆ ನಾನು. ಅವನ ಬಗಲ ಚೀಲದಲ್ಲಿ ಹೆಚ್ಚುವರಿ ರಿಬ್ಬನ್, ನನ್ನ ಬೆನ್ನಿನ ಪಟ್ಟಿಯಲ್ಲಿ ಕುಡುಗೋಲು. ಕೆಳಗಿನ ಬದಿಯಲ್ಲಿ ಮೇಕೆಗಳು ರಿಬ್ಬನ್ ಮೇಯ್ದಿದ್ದವು. ಅವನ್ನೆಲ್ಲ ಮತ್ತೆ ಕಟ್ಟುವುದರಲ್ಲಿ ನಮ್ಮ ಹೊತ್ತು ಹೋಯಿತು. ಅದನ್ನು ಸರಿದೂಗಿಸಲು ಮೇಲಿನ ಕಾಡಿನಲ್ಲಿ ಜೋರಾಗಿ ಓಡಿದೆವು. ಕೊಂಬೆಗಳು ಕೆನ್ನೆಗೆ ಬಾರಿಸುತ್ತಿದ್ದವು. ಪಾದದ ಕೆಳಗೆ ಕಲ್ಲು ಉರುಳಿ ಕಣಕಾಲಿಗೆ ಹೊಡೆಯುತ್ತಿತ್ತು. ಈ ಬೆಟ್ಟದಲ್ಲಿ ಓಡುವುದೆಂದರೆ ಹೊಡೆತ ತಿನ್ನುತ್ತಲೇ ಮುಂದೆ ಹೋಗುವುದು.

ಕಗ್ಗಲಿ ಮರದ ತಿರುವು ಬಂತು. ಅವನು ತಿರುವಿನ ಮೊದಲ ರಿಬ್ಬನ್ ಕಡೆ ಕೈ ತೋರಿಸಿ "ಇದೆ" ಎಂದ. ಹಾಗೆಂದವನು ನನ್ನ ಕಣ್ಣೆದುರೇ ಗಾಳಿಯಲ್ಲಿ ಮಲಗಿದ.

ಎಡಗಾಲು ಹಿಂದೆಯೇ ಉಳಿದು, ಇಡೀ ಮೈ ಮುಂದೆ ಹೋಯಿತು. ಮುಖ ನೇರವಾಗಿ ಕಲ್ಲಿಗೆ ಬಡಿಯಿತು. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಅವನು ಏಳುವ ಮೊದಲೇ ತಿರುವಿನ ಆಚೆಯಿಂದ ಇನ್ನೊಂದು ಸದ್ದು ಬಂತು. ಹರಿತವಿಲ್ಲದ ಗರಗಸದಿಂದ ಒದ್ದೆ ಮರ ಕುಯ್ಯುವ ಹಾಗೆ. ಕಪ್ಪಗಿನದೊಂದು ಮರದ ಬುಡದಿಂದ ಸಿಡಿದು ಅವನ ಕಾಲಿನ ಕಡೆ ಬಂದು, ಇನ್ನೊಂದು ಮೊಳ ಇರುವಾಗ ಜಗ್ಗಿ ಎಳೆದ ಹಾಗೆ ಮಗುಚಿ ಬಿತ್ತು.

ಒಂಟಿ ಗಂಡು ಹಂದಿ. ಬೆನ್ನಿನ ಕೂದಲು ಪೊರಕೆಯ ಹಾಗೆ ನಿಮಿರಿತ್ತು. ಬಾಯಿಂದ ಕೆಂಪು ನೊರೆ, ತುಟಿ ಸೀಳಿಕೊಂಡು ಹೊರಬಂದ ಕೋರೆ. ಮುಂಗಾಲಿನ ಗೊರಸಿನ ಮೇಲೆ ತಂತಿ ಬಿಗಿದು ಎಲುಬು ಬೆಳ್ಳಗೆ ಕಾಣುತ್ತಿತ್ತು. ಎಷ್ಟು ಹೊತ್ತಿನಿಂದ ಅಲ್ಲಿತ್ತೋ! ಮರದ ಸುತ್ತ, ತಂತಿ ಎಟುಕುವಷ್ಟು ದೂರ, ಒಂದು ಗಿಡವೂ ಉಳಿದಿರಲಿಲ್ಲ. ನೆಲವನ್ನೇ ಉತ್ತು ಹಾಕಿತ್ತು.

ಬೈಕಿನ ಕ್ಲಚ್ ವೈರು. ನಮ್ಮ ಕಡೆ ಹಂದಿಗೆ ಉರುಳು ಕಟ್ಟುವವರು ಒಂದೇ ಮರಕ್ಕೆ ಎರಡು ತಂತಿ ಕಟ್ಟುತ್ತಾರೆ, ದಾರಿಯ ಆಚೆಗೊಂದು, ಈಚೆಗೊಂದು. ಹೋಗುವಾಗ ತಪ್ಪಿದ್ದು ಬರುವಾಗ ಸಿಗಲಿ ಎಂದು. ಆಚೆಯದರಲ್ಲಿ ಹಂದಿ ಇತ್ತು. ಈಚೆಯದರಲ್ಲಿ ನನ್ನ ಜೊತೆಗಾರನ ಕಾಲು.

ಪೀಪಿಯನ್ನು ಮೂರು ಸಲ ಊದಿದೆ. ಮತ್ತೆ ಮೂರು. ಕೆಳಗಿನ ಕಾಡಿನಲ್ಲಿ ಯಾರೋ ಮೂರು ಊದಿದರು, ಅದಕ್ಕೂ ಕೆಳಗೆ ಇನ್ನಾರೋ. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಅವನ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದೆ. ಅವನು ಕಿರುಚಿದ ಕಿರುಚಿಗೆ ಹಂದಿ ಮತ್ತೆ ನುಗ್ಗಿತು, ಮತ್ತೆ ಮಗುಚಿತು.

"ಎಳೀಬೇಡಣ್ಣಾ! ಕಾಲ್ ಪೋಯಿಂದಿ! ಅಮ್ಮಾ, ಪೋಯಿಂದಿ ಅಮ್ಮಾ!" ನೋವು ಹೆಚ್ಚಾದರೆ ಅವನ ಬಾಯಿಗೆ ಅಮ್ಮನ ತೆಲುಗೇ ಬರುವುದು. ಕಾಲು ಹೋಯಿತು ಎನ್ನುತ್ತಿದ್ದ.

ಸುಳ್ಳಲ್ಲ. ಹಿಮ್ಮಡಿಯ ಮೇಲೆ, ಶೂ ಮುಗಿಯುವಲ್ಲಿ, ತಂತಿ ಮಾಂಸದೊಳಗೆ ಇಳಿದು ಮರೆಯಾಗಿತ್ತು. ಬೆರಳು ತೂರಿಸಲು ನೋಡಿದೆ, ಉಗುರೂ ಹಿಡಿಯಲಿಲ್ಲ. ಕುಡುಗೋಲಿನಿಂದ ತಂತಿಗೆ ಹೊಡೆದೆ, ಕುಡುಗೋಲಿನ ಬಾಯಿ ಚಕ್ಕೆ ಎದ್ದಿತು. ತಂತಿಯನ್ನು ಒಂದು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಜಜ್ಜಿದೆ. ಒಂದೊಂದು ಏಟಿಗೂ ಅವನ ಮೈ ಮೀನಿನ ಹಾಗೆ ಒದ್ದಾಡಿತು. ಎರಡು ಎಳೆ ಬಿಟ್ಟುಕೊಂಡವು, ಅಷ್ಟೇ. ಅಂಥ ಎಳೆ ಎಷ್ಟು ಹೊಸೆದಿರುತ್ತಾರೋ.

ಅಷ್ಟರಲ್ಲಿ ಮರದ ಕಡೆಯಿಂದ ಟಿಣ್ ಎಂದಿತು. ಹಂದಿಯ ತಂತಿಯಲ್ಲೂ ಎಳೆ ಬಿಡುತ್ತಿತ್ತು. ನಾನು ಜಜ್ಜುವುದಕ್ಕಿಂತ ಅದು ಎಳೆಯುವುದು ಜೋರಾಗಿತ್ತು.

ಉರುಳಿನ ಗುಣ ಎಳೆದಷ್ಟೂ ಬಿಗಿ. ಸಡಿಲವಾಗಬೇಕಾದರೆ ಕಾಲು ತಂತಿ ಕಟ್ಟಿದ ಮರದ ಕಡೆಗೆ ಹೋಗಬೇಕು. ಒಂದೆರಡು ಮೊಳ ಹೋದರೂ ಸಾಕು, ಕುಣಿಕೆ ಬಾಯಿ ಬಿಡುತ್ತದೆ. ಆದರೆ ಹಂದಿ ಎಟುಕದೆ ಉಳಿದಿದ್ದದ್ದೇ ಒಂದು ಮೊಳ. ಬದುಕಬೇಕೆಂದು ಅವನು ಹಿಂದಕ್ಕೆ ಜಗ್ಗುತ್ತಿದ್ದ, ಜಗ್ಗಿದಷ್ಟೂ ತಂತಿ ಎಲುಬಿನ ಕಡೆಗೆ ಹೋಗುತ್ತಿತ್ತು.

ಹಿಂದಿನಿಂದ ಹೆಜ್ಜೆಯ ಸದ್ದು. ಮಾಸ್ತಿಯ ಹುಡುಗಿ.

"ಮೂರು ಊದಿದ್ ಮೇಲೆ ನಿಂತ್ಕೋಬೇಕು ಅಂತ ಹೇಳಿರ್ಲಿಲ್ವಾ!" ಎಂದು ಕೂಗಿದೆ.

"ಕಿರುಚಾಟ ಕೇಳಿಸ್ತಿತ್ತಲ್ಲಣ್ಣ, ಹೆಂಗ್ ನಿಂತ್ಕೊಳ್ಳದು?" ಅವಳು ಹಂದಿಯನ್ನು ನೋಡಿದಳು, ಕಾಲನ್ನು ನೋಡಿದಳು. ಮುಖ ಬಿಳಿಚಿತು. ಆದರೆ ಹಿಂದಕ್ಕೆ ಹೆಜ್ಜೆ ಇಡಲಿಲ್ಲ. "ಹಿಂದೆ ಬರ್ತಿದ್ದೋರ್ನ ಕೆಳಗಡೆ ನಿಲ್ಸಿದೀನಿ. ಒಬ್ರು ಮೇಡಂ ಹತ್ರ ಓಡಿದ್ರು."

ಕೆಳಗಿನಿಂದ ಕಟಿಂಗ್ ಪ್ಲೇಯರ್ ಬರುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಟಿಣ್. ಇನ್ನೊಂದು ಎಳೆ.

ಹಂದಿ ಮರದ ಬಲಗಡೆಯಿಂದ ನುಗ್ಗಿತು. ಆಗ ಅದರ ತಂತಿ ಮರದ ಮೈಗೆ ಒರಗಿ ಒಂದಿಷ್ಟು ಸುತ್ತಿಕೊಂಡದ್ದು ಕಂಡಿತು. ಆ ಸಲ ಅದು ಮಗುಚಿ ಬಿದ್ದದ್ದು ಹಿಂದಿನದಕ್ಕಿಂತ ಚೂರು ಆಚೆಗೆ. ನಮ್ಮಜ್ಜಿಯ ಕೊಟ್ಟಿಗೆಯಲ್ಲಿ ಒಂದು ತುಂಟ ಹೋರಿಗರು ಇತ್ತು. ಹಗ್ಗ ಎಷ್ಟೇ ಉದ್ದ ಬಿಟ್ಟರೂ ಗೂಟದ ಸುತ್ತ ತಿರುಗಿ ತಿರುಗಿ ಕೊನೆಗೆ ಗೂಟಕ್ಕೇ ಮೂತಿ ಕಟ್ಟಿಕೊಂಡು ನಿಲ್ಲುತ್ತಿತ್ತು. "ಬುದ್ಧಿ ಇರೋವಷ್ಟೇ ಹಗ್ಗ" ಎಂದು ಅಜ್ಜಿ ಅದಕ್ಕೆ ಬೈಯುತ್ತಿದ್ದಳು.

"ಕಟ್ಟಿದ್ ಕರು ಗೂಟಕ್ಕೆ ಸುತ್ಕೊಳ್ಳಲ್ವಾ?" ಎಂದೆ ಹುಡುಗಿಗೆ.

ಅವಳು ಒಮ್ಮೆ ಮರ ನೋಡಿದಳು. ಹಸು ಕಟ್ಟಿ ಬೆಳೆದವಳಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ. "ಸುತ್ಸಿ. ಹಗ್ಗ ಗಿಡ್ಡ ಆಯ್ತು ಅಂದ್ ತಕ್ಷಣ ಇವ್ರನ್ನ ಮುಂದಕ್ ತಳ್ತೀನಿ."

"ಯಾರ್ನ ತಳ್ತೀಯ? ಎಲ್ಲಿಗ್ ತಳ್ತೀಯ?" ಎಂದು ಜೊತೆಗಾರ ರಕ್ತ ಉಗುಳಿದ.

"ಹಂದಿ ಕಡೆಗೆ" ಎಂದೆ.

"ನಿಂಗೇನ್ ಹುಚ್ಚಾ ಅಣ್ಣಾ!"

"ಹಿಂದಕ್ ಎಳ್ಕೊಂಡಿದ್ರೆ ಕಾಲ್ ಹೋಗ್ತದೆ. ಹಂದಿ ಬಿಡಿಸ್ಕೊಂಡ್ರೆ ನೀನೇ ಹೋಗ್ತೀಯ. ಈ ತಾಯಿ ತಳ್ಳಿದ್ರೆ ತಳ್ಳಿಸ್ಕೊ. ಜಗ್ಗಬೇಡ."

ನಾನು ಲಂಟಾನದೊಳಕ್ಕೆ ನುಗ್ಗಿದೆ. ಹಂದಿ ಉತ್ತ ಬಯಲನ್ನು ಬಳಸಿ ಮರದ ಆಚೆ ಬದಿಗೆ ಹೋಗಬೇಕಿತ್ತು. ಕುಡುಗೋಲು ಬೀಸಲು ಜಾಗವಿಲ್ಲ. ಕಣ್ಣಿಗೆ ಮೊಣಕೈ ಅಡ್ಡ ಹಿಡಿದು ಮೈಯಿಂದಲೇ ಗಿಡವನ್ನು ಮುರಿದು ಮುಂದೆ ಹೋದೆ. ಕಿವಿ ಹರಿಯಿತು, ಅಂಗಿ ಹೋಯಿತು, ಎದೆಯ ಮೇಲೆ ಗೀರೆಳೆದು ರಕ್ತ ಇಳಿಯಿತು. ನಾನೇ ಬೆಳೆಯಲು ಬಿಟ್ಟ ಗೋಡೆ. ಓಟಗಾರರು ದಾರಿ ಬಿಟ್ಟು ಹೋಗದಿರಲಿ ಎಂದು ಆ ತಿರುವಿನಲ್ಲಿ ಒಂದು ಕಡ್ಡಿಯನ್ನೂ ಕಡಿದಿರಲಿಲ್ಲ.

ಹೊರಬಿದ್ದಾಗ ಹಂದಿ ಬೆನ್ನು ಮಾಡಿ ನಿಂತಿತ್ತು, ಅವರಿಬ್ಬರ ಕಡೆ ನೋಡುತ್ತ. ಕೂಗಿದೆ. ಒಂದು ಕಲ್ಲು ತೆಗೆದು ಸೊಂಟಕ್ಕೆ ಹೊಡೆದೆ. ತಿರುಗಿತು.

ಹಂದಿ ಓಡಿ ಬರುವುದನ್ನು ಬದಿಯಿಂದ ನೋಡುವುದು ಬೇರೆ, ಎದುರಿನಿಂದ ನೋಡುವುದು ಬೇರೆ. ಎದುರಿನಿಂದ ಅದಕ್ಕೆ ಮೈಯೇ ಇಲ್ಲ, ತಲೆ ಮಾತ್ರ. ಹಿಂದಕ್ಕೆ ಸರಿದೆ, ಬೆನ್ನಿಗೆ ಲಂಟಾನ ಒತ್ತಿತು, ಸರಿಯಲು ಜಾಗವಿರಲಿಲ್ಲ. ತಂತಿ ಅದನ್ನು ಹಿಡಿಯಿತು. ಆದರೆ ಹಿಡಿಯುವ ಮೊದಲು ತಲೆ ಒಮ್ಮೆ ಮೇಲಕ್ಕೆ ಬೀಸಿತು. ತೊಡೆಗೆ ಬಿಸಿ ನೀರು ಎರಚಿದ ಹಾಗಾಯಿತು. ನೋಡಲಿಲ್ಲ. ನೋಡಿದ್ದರೆ ನಿಂತುಬಿಡುತ್ತಿದ್ದೆ.

ಎಡಕ್ಕೆ ಓಡಿದೆ. ಅದೂ ಎಡಕ್ಕೆ ಬಂತು. ತಂತಿ ಮರಕ್ಕೆ ತಾಗಿ ಮಡಿಯಿತು. ಈ ಸಲ ಅದು ಇನ್ನೂ ದೂರದಲ್ಲೇ ಬಿದ್ದಿತು. ಅದು ಸುತ್ತಿದಷ್ಟೂ ಅದರ ಬಯಲು ಕಿರಿದಾಗುತ್ತಿತ್ತು, ನನ್ನ ಕಾಲಿಗೆ ಜಾಗ ಹುಟ್ಟುತ್ತಿತ್ತು. ಅದು ಉತ್ತಿದ್ದ ಮಣ್ಣಿನ ಮೇಲೇ ಈಗ ನಾನು ಓಡಬಹುದಿತ್ತು. ಮತ್ತೆ ಕೂಗಿದೆ, ಮತ್ತೆ ಕಲ್ಲು. ಬಾಯಿಗೆ ಬಂದದ್ದೆಲ್ಲ ಬೈದೆ. ಅಜ್ಜಿಯಿಂದ ಕಲಿತದ್ದು, ಮಂಡಿಯಲ್ಲಿ ಕೇಳಿದ್ದು, ಯಾವುದನ್ನೂ ಉಳಿಸಲಿಲ್ಲ. ಹಂದಿ ನನ್ನನ್ನೇ ನೋಡುತ್ತ, ನನ್ನ ಹಿಂದೆಯೇ, ಮರವನ್ನು ಒಂದು ಪೂರ್ತಿ ಸುತ್ತು ಸುತ್ತಿತು. ಟಿಣ್. ಟಿಣ್.

"ತಳ್ಳು!"

ಮರದ ಆಚೆಯಿಂದ ಅವಳ ದನಿ: "ಜಗ್ಗಬೇಡಿ ಅಂದ್ರೆ! ನನ್ ಮುಖ ನೋಡಿ. ಹಂದಿ ನೋಡಬೇಡಿ, ನನ್ ಮುಖ ನೋಡ್ರೀ!" ಅವಳು ಅವನ ಸೊಂಟವನ್ನು ಎರಡೂ ಕೈಯಲ್ಲಿ ಅಪ್ಪಿ, ಮೊಣಕಾಲೂರಿ, ಹುಲ್ಲಿನ ಹೊರೆ ತಳ್ಳುವ ಹಾಗೆ ಮರದ ಕಡೆಗೆ ತಳ್ಳುತ್ತಿದ್ದಳು. ಅವನು ಕಣ್ಣು ಮುಚ್ಚಿ ಅಮ್ಮನನ್ನು ಕರೆಯುತ್ತಿದ್ದ. ಕಾಲು ಉತ್ತ ಮಣ್ಣಿನ ಮೇಲೆ ಬಂತು. ಅವರ ವಾಸನೆ ಹೊಡೆದು ಹಂದಿ ಆ ಕಡೆ ಹೊರಳಿತು. ಬಂದ ದಾರಿಯಲ್ಲೇ ಹಿಂದಿರುಗಿದರೆ ತಂತಿಯ ಸುತ್ತು ಬಿಚ್ಚಿಕೊಳ್ಳುತ್ತದೆ.

ಅದೊಂದನ್ನು ನಾನು ಲೆಕ್ಕ ಹಾಕಿರಲಿಲ್ಲ. ಯೋಚಿಸುವ ಹೊತ್ತೂ ಇರಲಿಲ್ಲ. ಅದು ಹಿಂದಿರುಗಬೇಕಾದ ಬದಿಗೆ ಅಡ್ಡ ಹೋಗಿ ನಿಂತೆ, ಮರಕ್ಕೆ ಹತ್ತಿರ, ಅದರ ಉಸಿರಿನ ನಾತ ಮೂಗಿಗೆ ಬಡಿಯುವಷ್ಟು ಹತ್ತಿರ. ಕುಡುಗೋಲಿನಿಂದ ಮೂತಿಯ ಮೇಲೆ ಹೊಡೆದೆ. ಬಾಯಿ ಹೋದ ಕುಡುಗೋಲು, ಕೊಯ್ಯಲಿಲ್ಲ, ಬಡಿಯಿತು ಅಷ್ಟೇ. ಹಂದಿ ಅದನ್ನು ಕಚ್ಚಿ ನನ್ನ ಕೈಯಿಂದ ಕಿತ್ತುಕೊಂಡಿತು. ಹಿಡಿಯನ್ನು ಪುಡಿ ಮಾಡಿದ ಸದ್ದು ಈಗಲೂ ಕಿವಿಯಲ್ಲಿದೆ.

"ಬಾಯಿ ಬಿಡ್ತು! ಕುಣಿಕೆ ಬಿಡ್ತಣ್ಣಾ! ಆದ್ರೆ ಶೂ ಅಡ್ಡ ಬರ್ತಿದೆ!"

"ಶೂ ಬಿಚ್ಚೇ!"

"ಬಿಚ್ತಾ ಇದೀನಿ, ಸುಮ್ನಿರಿ!"

ಲೇಸಿನ ಗಂಟು ರಕ್ತಕ್ಕೆ ಬಿಗಿದಿತ್ತಂತೆ. ಹಲ್ಲಿನಿಂದ ಕಚ್ಚಿ ಬಿಡಿಸಿದ್ದು ಎಂದು ಆಮೇಲೆ ಹೇಳಿದಳು. ಮಾಂಸದಿಂದ ತಂತಿಯನ್ನು ಉಗುರಿನಲ್ಲಿ ಎಬ್ಬಿಸಿ, ಶೂ ಸಮೇತ ಕೆಳಕ್ಕೆ ಜಾರಿಸಿ, ಬರಿಗಾಲನ್ನು ಹೊರಗೆಳೆದಳು. ಅವನ ಕೂಗು ಒಮ್ಮೆಗೇ ನಿಂತಿತು. ಅವಳು ಅವನನ್ನು ಎಳೆದುಕೊಂಡು ಹೋಗುವ ಸದ್ದು ಕೇಳಿಸಿತು.

ಇನ್ನು ನಾನು ಓಡಬಹುದಿತ್ತು. ಓಡುವ ಮೊದಲೇ ಹಂದಿ ಮೈಯೆಲ್ಲ ಸೇರಿಸಿ ಒಂದೇ ಸಲ ಜಗ್ಗಿತು. ಹಸಿ ಕೊಂಬೆ ಮುರಿದ ಹಾಗೆ ಸದ್ದು ಬಂತು. ತಂತಿ ಹರಿಯಲಿಲ್ಲ. ಗೊರಸು ಕುಣಿಕೆಯಲ್ಲೇ ಉಳಿಯಿತು, ಹಂದಿ ಬಿಡುಗಡೆಯಾಯಿತು.

ಅದರ ಭುಜ ನನ್ನ ಎದೆಗೆ ಬಡಿದು, ಬೆನ್ನ ಮೇಲೆ ಬಿದ್ದೆ. ಎರಡು ಪಕ್ಕೆಲುಬು ಹೋದವು ಎಂದು ಆಮೇಲೆ ತಿಳಿಯಿತು. ನನ್ನನ್ನು ದಾಟಿಕೊಂಡು ಹೋಯಿತು. ಕೆಳಗೆ ಓಟಗಾರರು ಒಬ್ಬರ ಹಿಂದೆ ಒಬ್ಬರು, ಪಕ್ಕಕ್ಕೆ ಸರಿಯಲು ಒಂದು ಹೆಜ್ಜೆ ಜಾಗವಿಲ್ಲದೆ ನಿಂತಿದ್ದರು. ಅದು ಆ ಕಡೆ ಹೋಗಲಿಲ್ಲ. ಮರದ ಆಚೆ, ಮೇಲಕ್ಕೆ ಹೋಗುವ ದಾರಿ ಹಿಡಿಯಿತು. ಬಿದ್ದಲ್ಲಿಂದ ನೋಡಿದೆ. ತಿರುವಿನ ಎರಡನೆಯ ರಿಬ್ಬನ್ ಕೆಳಗೆ, ಮೂರು ಕಾಲಲ್ಲಿ, ನಾಲ್ಕನೆಯದನ್ನು ಮಣ್ಣಿಗೆ ಕುಟ್ಟುತ್ತ, ನಾವು ತೆಗೆದ ದಾರಿಯಲ್ಲೇ ಹೋಗುತ್ತಿತ್ತು.

ಕಾಡು ಸುಮ್ಮನಾಯಿತು. ಕೇಳುತ್ತಿದ್ದದ್ದು ಜೊತೆಗಾರನ ನರಳಾಟ ಒಂದೇ. ನಾನು ಕುಂಟಿಕೊಂಡು ಈಚೆ ಬಂದೆ. ಹುಡುಗಿ ತನ್ನ ಓಟದ ಅಂಗಿಯ ತೋಳು ಹರಿದು ಅವನ ಕಾಲಿಗೆ ಸುತ್ತುತ್ತಿದ್ದಳು. ನನ್ನನ್ನು ನೋಡಿ, "ಅಣ್ಣಾ, ತೊಡೆ" ಎಂದಳು. ನೋಡಿದೆ. ಕೂತುಕೊಂಡೆ. ಉಳಿದ ನೀಲಿ ರಿಬ್ಬನ್ನಿನ ಉರುಳೆಯನ್ನೆಲ್ಲ ಅವಳು ನನ್ನ ತೊಡೆಗೆ ಬಿಗಿದಳು.

ಗಂಟು ಹಾಕುತ್ತ ಕೇಳಿದಳು, "ಅದು ಮುಂದೆ ಹೋಯ್ತಾ, ನಮ್ ದಾರೀಲೇ?"

"ಹೂಂ."

"ಹಂಗಾದ್ರೆ ನಂದು ಸೆಕೆಂಡು."

ಜೊತೆಗಾರ ಮುರಿದ ಹಲ್ಲಿನಲ್ಲಿ ನಕ್ಕ, ಆಮೇಲೆ ಅತ್ತ, ಅವಳೂ ಅತ್ತಳು.

ಮೇಡಂ ಓಟ ನಿಲ್ಲಿಸಿದರು. ಒಂದೇ ಸಾಲಿನ ದಾರಿಯಾದ್ದರಿಂದ ಎಲ್ಲರೂ ನಿಂತಲ್ಲೇ ಹಿಂದಕ್ಕೆ ತಿರುಗಿದರು, ಕೊನೆಯಲ್ಲಿದ್ದವರು ಮೊದಲಾಗಿ ಇಳಿದರು. ನಮ್ಮಿಬ್ಬರನ್ನು ಕೈ ಬದಲಿಸಿ ಬದಲಿಸಿ ಹೊತ್ತು ತಂದರು. ಅಗಲವಿಲ್ಲದ ದಾರಿ, ಹೊರುವವರ ಭುಜ, ಮುಖ ಎಲ್ಲವನ್ನೂ ಲಂಟಾನ ಹರಿಯಿತು. ಒಬ್ಬರೂ ಗೊಣಗಲಿಲ್ಲ. ಅರಣ್ಯದವರು ಬಂದು ಎರಡೂ ತಂತಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಒಂದು ಕುಣಿಕೆಯಲ್ಲಿ ಗೊರಸು, ಇನ್ನೊಂದರಲ್ಲಿ ಶೂ. ಯಾರು ಕಟ್ಟಿದ್ದು ಎಂದು ಬುಡದ ಹಳ್ಳಿಯಲ್ಲಿ ಕೇಳಿದರು. ಗೊತ್ತಿದ್ದವರು ಬಹಳ ಜನ ಇದ್ದರು, ಹೇಳಿದವರು ಯಾರೂ ಇಲ್ಲ.

ಜೊತೆಗಾರನ ಕಾಲು ಉಳಿಯಿತು. ಕೋಲಾರದ ಆಸ್ಪತ್ರೆಯಲ್ಲಿ ಕತ್ತರಿಸಿದ್ದ ನರ ಹೊಲಿದರು. ಪಾದ ಎತ್ತಲು ತಿಂಗಳುಗಳೇ ಹಿಡಿದವು. ಮಂಡಿಗೆ ಮತ್ತೆ ಹೋದ, ಕ್ರೇಟ್ ಎತ್ತುವುದಕ್ಕಲ್ಲ, ಎಣಿಸುವುದಕ್ಕೆ. ಅವನ ಮೀಸೆಯನ್ನು ಮೇಲ್ದುಟಿ ಹೊಲಿಯುವಾಗ ಆಸ್ಪತ್ರೆಯವರೇ ಬೋಳಿಸಿದ್ದರು. ಹುಡುಗಿ ನೋಡಲು ಬಂದವಳು, "ನಾನ್ ದಾಟ್ಲೇ ಇಲ್ಲ, ಆಗ್ಲೇ ಬೋಳಿಸ್ಬಿಟ್ರಾ?" ಎಂದು ಕೇಳಿ ಅವನ ಹೊಲಿಗೆ ಬಿಟ್ಟುಕೊಳ್ಳುವ ಹಾಗೆ ನಗಿಸಿ ಹೋದಳು.

ಈಗ ನಾವು ದಾರಿಯನ್ನು ಓಟದ ಹಿಂದಿನ ದಿನ ಮಾತ್ರ ತೆಗೆಯುತ್ತೇವೆ. ಹೆಚ್ಚು ಜನ ಬೇಕಾಗುತ್ತದೆ, ಕೈ ಹೆಚ್ಚು ಸುಲಿಯುತ್ತದೆ. ಮುಂದೆ ಓಡುವವನೂ ನೆಲವನ್ನೇ ನೋಡುತ್ತಾನೆ. ರಿಬ್ಬನ್ ಒಂದೆರಡು ತಪ್ಪಿದರೆ ತಪ್ಪಲಿ. ಓಟ ಮುಗಿದ ಸಂಜೆಯೇ ಕಾರೆ, ಜಾಲಿಯ ಕೊಂಬೆ ಕಡಿದು ದಾರಿಯ ಬಾಯಿಗೆಲ್ಲ ಮುಳ್ಳು ಬಡಿದು ಮುಚ್ಚುತ್ತೇವೆ.

ಆ ಹಳೆಯ ದಾರಿಯನ್ನು ಮುಚ್ಚಲು ಹೋದಾಗ ಜೊತೆಗಾರ ಹಟ ಮಾಡಿ ಬಂದಿದ್ದ. ಕೋಲೂರಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ಕೂತುಕೊಂಡು. ಕಗ್ಗಲಿ ಮರದ ಹತ್ತಿರ ಬಂದೆವು. ಮರದ ತೊಗಟೆಯಲ್ಲಿ ತಂತಿ ಕೊರೆದ ಗುರುತು ಇತ್ತು, ಮಣ್ಣಿನ ಮೇಲೆ ಆಗಲೇ ಚಿಗುರು ಎದ್ದಿತ್ತು. ಅವನು ಕೊಂಬೆ ಕೊಡುತ್ತ ಹೋದ, ನಾನು ಜೋಡಿಸುತ್ತ ಹೋದೆ. ಮುಚ್ಚಿ ಮುಗಿಯುವ ಹೊತ್ತಿಗೆ ಅವನು ಕೋಲಿನಿಂದ ನೆಲ ತೋರಿಸಿದ.

ಒಣಗಿದ ಕೆಸರಿನಲ್ಲಿ ಹೆಜ್ಜೆ. ಮೂರು ಸೀಳುಗೊರಸು, ನಾಲ್ಕನೆಯದು ದುಂಡಗಿನ ಗುಂಡಿ, ಒನಕೆಯಿಂದ ಕುಟ್ಟಿದ ಹಾಗೆ. ನಮ್ಮ ದಾರಿಯಲ್ಲಿ ಅಲ್ಲ. ಅದರ ಪಕ್ಕದಲ್ಲಿ, ಲಂಟಾನದ ಬುಡದಲ್ಲಿ, ಹಂದಿಯ ಮೈಯಷ್ಟೇ ಅಗಲದ ಒಂದು ಹೊಸ ಸಂದಿ.

"ನಮ್ ದಾರಿ ಬ್ಯಾಡ್ವಂತೆ ಅಣ್ಣಾ ಅದಕ್ಕೆ" ಎಂದ.

ನನ್ನ ಕೈಯಲ್ಲಿ ಇನ್ನೊಂದು ಮುಳ್ಳುಕೊಂಬೆ ಇತ್ತು. ಅದನ್ನು ಎಲ್ಲಿ ಇಡಲಿ ಎಂದು ಅವನ ಮುಖ ನೋಡಿದೆ. ಅವನು ಬೇಡ ಎನ್ನುವ ಹಾಗೆ ತಲೆಯಾಡಿಸಿ, ಹೊಲಿಗೆಯ ಕಾಲನ್ನು ಉದ್ದಕ್ಕೆ ಚಾಚಿ, ಕಷ್ಟಪಟ್ಟು ಬಗ್ಗಿ, ಕೋಲನ್ನು ಆ ಸಂದಿಯೊಳಕ್ಕೆ ತೂರಿಸಿದ. ಎಡಬದಿ ತಡವಿದ, ಬಲಬದಿ ತಡವಿದ, ಮೇಲೆ ಕೆಳಗೆ ನಿಧಾನವಾಗಿ ಆಡಿಸಿದ. ಕೋಲಿಗೆ ಏನೂ ಸಿಗಲಿಲ್ಲ.

"ತಂತಿ ಇಲ್ಲ" ಎಂದ. ಎದ್ದು ನಿಲ್ಲಲು ನನ್ನ ಕಡೆ ಕೈ ಚಾಚಿದ.